ಕಾಳಹಸ್ತಿಯಿಂದಾಚೆಗಿನ ನೀರು

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರಿಗೆ ಪೂರ್ವ ದಿಕ್ಕಿನ ಪ್ರಯಾಣವೆಂದರೆ ಸಾಮಾನ್ಯವಾಗಿ ತಿರುಪತಿ, ಬಹಳವೆಂದರೆ ಕಾಳಹಸ್ತಿ. ರಾಹು-ಕೇತು ಪೂಜೆ ಮುಗಿಸಿ, ಸ್ವರ್ಣಮುಖಿ ನದಿಯ ಪಾತ್ರವನ್ನು ಒಮ್ಮೆ ನೋಡಿ, ಅಲ್ಲಿಂದಲೇ ನಾವು ಊರಿನ ದಾರಿ ಹಿಡಿಯುತ್ತೇವೆ. ಇನ್ನಷ್ಟು ಮುಂದೆ ಹೋಗಿ ನಾಯುಡುಪೇಟೆ ದಾಟಿ ಸೂಳ್ಳೂರುಪೇಟೆ ತಲುಪಿದರೆ ಪುಲಿಕಾಟ್ ಸಿಗುತ್ತದೆ. ಭಾರತದ ಉಪ್ಪುನೀರಿನ ಲಗೂನುಗಳಲ್ಲಿ ಒಡಿಶಾದ ಚಿಲಿಕಾವನ್ನು ಬಿಟ್ಟರೆ ಇದೇ ದೊಡ್ಡದು. ಶ್ರೀಹರಿಕೋಟದ ಹೆಸರನ್ನು ರಾಕೆಟ್ ಉಡಾವಣೆಯ ದಿನ ಟಿ.ವಿ.ಯಲ್ಲಿ ಕೇಳದವರು ನಮ್ಮಲ್ಲಿಲ್ಲ. ಆದರೆ ಆ ಶ್ರೀಹರಿಕೋಟವು ಪುಲಿಕಾಟನ್ನು ಬಂಗಾಳ ಕೊಲ್ಲಿಯಿಂದ ಬೇರ್ಪಡಿಸಿ ನಿಂತ ಉದ್ದನೆಯ ಮರಳಿನ ದ್ವೀಪವೆಂಬುದು ಎಷ್ಟೋ ಜನರಿಗೆ ತಿಳಿದಿಲ್ಲ. ಉಡಾವಣಾ ಕೇಂದ್ರಕ್ಕೆ ಹೋಗುವ ರಸ್ತೆ ಆ ನೀರಿನ ನಡುವೆಯೇ ಹಾದುಹೋಗುತ್ತದೆ, ಚಳಿಗಾಲದಲ್ಲಿ ಅದರ ಎರಡೂ ಬದಿಯಲ್ಲಿ ರಾಜಹಂಸಗಳು ತಲೆ ತಗ್ಗಿಸಿ ಮೇಯುತ್ತಿರುತ್ತವೆ.

ಸಮುದ್ರವಿಲ್ಲದ, ವರ್ಷವಿಡೀ ಹರಿಯುವ ನದಿಯೂ ಇಲ್ಲದ ಜಿಲ್ಲೆಯಲ್ಲಿ ಕುಳಿತು ನಾನು ಈ ಲಗೂನಿನ ಬಗ್ಗೆ ಬರೆಯುತ್ತಿರುವುದಕ್ಕೆ ಕಾರಣವಿದೆ. ಕೆರೆಗಳನ್ನು ನಂಬಿ ಬದುಕಿದ ಸೀಮೆಯವರಿಗೆ, ಆಳವಿಲ್ಲದ ನೀರು ಎಷ್ಟು ಬೇಗ ಕೆಡುತ್ತದೆ, ಅದನ್ನು ಕಾಯಲು ಎಷ್ಟು ಜನರ ಒಪ್ಪಂದ ಬೇಕಾಗುತ್ತದೆ ಎಂಬುದು ಅನುಭವದಿಂದಲೇ ಗೊತ್ತಿರುತ್ತದೆ. ಆ ಅನುಭವ ಇಟ್ಟುಕೊಂಡು ಪುಲಿಕಾಟನ್ನು ನೋಡಿದಾಗ ನನಗೆ ಅನ್ನಿಸಿದ ಮುಖ್ಯ ಮಾತೊಂದೇ: ಲಗೂನನ್ನು ಬೇಲಿ ಹಾಕಿ ಕಾಪಾಡಲು ಬರುವುದಿಲ್ಲ. ಅಲ್ಲಿ ಸಿಹಿನೀರು ಮತ್ತು ಉಪ್ಪುನೀರು ಸೇರುವ ಕ್ರಮವನ್ನು ಕಾಪಾಡಬೇಕು, ಆ ಕ್ರಮವನ್ನು ಕಾಪಾಡಬೇಕಾದರೆ ಅದನ್ನು ಬಿಡದೆ ಅಳೆಯುತ್ತಿರಬೇಕು.

ಈ ಕ್ರಮ ನಡೆಯುವ ರೀತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಲಗೂನು ಎಂದರೆ ಮರಳಿನ ದಿಬ್ಬವೊಂದು ಕಡಲಿನಿಂದ ಬೇರ್ಪಡಿಸಿದ ಆಳವಿಲ್ಲದ ನೀರಿನ ಹರವು. ಪುಲಿಕಾಟಿನ ಬಹುಭಾಗದಲ್ಲಿ ಆಳ ಒಂದು ಮೀಟರಿನ ಆಸುಪಾಸಿನಲ್ಲಿದೆ. ಒಳನಾಡಿನ ಕಡೆಯಿಂದ ಆರಣಿ ಮತ್ತು ಕಾಳಂಗಿ ನದಿಗಳು, ಉತ್ತರದಲ್ಲಿ ಸ್ವರ್ಣಮುಖಿಯ ಒಂದು ಕವಲು ಸಿಹಿನೀರು ತರುತ್ತವೆ. ಕಡಲಿನ ಕಡೆಯಿಂದ ಅಳಿವೆಬಾಗಿಲಿನ, ಅಂದರೆ ಮರಳಿನ ದಿಬ್ಬದ ನಡುವಿನ ಕಂಡಿಯ ಮೂಲಕ ಉಪ್ಪುನೀರು ಬರುತ್ತದೆ. ನಮ್ಮ ಕೆರೆಗೆ ಕೋಡಿ ಇರುವ ಹಾಗೆ ಲಗೂನಿಗೆ ಈ ಅಳಿವೆಬಾಗಿಲು. ಆದರೆ ಕೋಡಿಯಲ್ಲಿ ನೀರು ಒಂದೇ ದಿಕ್ಕಿಗೆ ಬೀಳುತ್ತದೆ, ಅಳಿವೆಬಾಗಿಲಿನಲ್ಲಿ ಕಡಲಿನ ಭರತ (ಉಬ್ಬರ) ಮತ್ತು ಇಳಿತಕ್ಕೆ ತಕ್ಕಂತೆ ದಿನಕ್ಕೆ ಎರಡು ಸಲ ಒಳಗೆ, ಎರಡು ಸಲ ಹೊರಗೆ ಹರಿಯುತ್ತದೆ. ಹಿಂಗಾರು ಮಳೆ ಬಂದಾಗ ನದಿಗಳ ನೀರು ಉಪ್ಪನ್ನು ತೆಳುವಾಗಿಸುತ್ತದೆ. ಬೇಸಿಗೆಯಲ್ಲಿ ನದಿಗಳು ಬತ್ತಿ, ಬಿಸಿಲಿಗೆ ನೀರು ಆವಿಯಾಗಿ, ಉತ್ತರದ ಭಾಗದಲ್ಲಿ ಉಪ್ಪಿನ ಅಂಶ ಸಮುದ್ರಕ್ಕಿಂತ ಹೆಚ್ಚಾಗುವುದೂ ಉಂಟು. ಸಮುದ್ರದ ಒಂದು ಕಿಲೋ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಲಗೂನಿನಲ್ಲಿ ಒಂದೇ ವರ್ಷದೊಳಗೆ ಈ ಅಂಕಿ ಸೊನ್ನೆಯ ಹತ್ತಿರದಿಂದ ಹೊರಟು 35ನ್ನು ದಾಟಬಹುದು. ಅಲ್ಲಿನ ಜೀವಿಗಳೆಲ್ಲ ಈ ಏರಿಳಿತಕ್ಕೆ ಹೊಂದಿಕೊಂಡು ಬದುಕುವಂಥವು.

ಸಿಗಡಿಯ ಬದುಕನ್ನು ನೋಡಿದರೆ ಅಳಿವೆಬಾಗಿಲಿನ ಮಹತ್ವ ಅರ್ಥವಾಗುತ್ತದೆ. ಹುಲಿ ಸಿಗಡಿ ಮೊಟ್ಟೆಯಿಡುವುದು ಕಡಲಿನಲ್ಲಿ. ಕಣ್ಣಿಗೆ ಕಷ್ಟದಿಂದ ಕಾಣುವಷ್ಟು ಸಣ್ಣ ಮರಿಗಳು ಭರತದ ನೀರಿನೊಂದಿಗೆ ಲಗೂನಿನೊಳಗೆ ಬರುತ್ತವೆ, ಆಳವಿಲ್ಲದ, ಆಹಾರ ಹೇರಳವಾಗಿರುವ, ದೊಡ್ಡ ಮೀನುಗಳ ಕಾಟ ಕಡಿಮೆಯಿರುವ ಆ ನೀರಿನಲ್ಲಿ ಕೆಲವು ತಿಂಗಳು ಬೆಳೆಯುತ್ತವೆ, ಮತ್ತೆ ಮೊಟ್ಟೆಯಿಡಲು ಕಡಲಿಗೆ ಮರಳುತ್ತವೆ. ಮಲ್ಲೆಟ್ ಮೀನುಗಳಿಗೂ ಕೆಸರಿನ ದೊಡ್ಡ ಏಡಿಗಳಿಗೂ ಇಂಥದ್ದೇ ಓಡಾಟವಿದೆ. ಅಳಿವೆಬಾಗಿಲು ಮುಚ್ಚಿದರೆ ಒಳಗಿರುವುದು ಹೊರಗೆ ಹೋಗಲಾರದು, ಹೊರಗಿನದು ಒಳಗೆ ಬರಲಾರದು. ಅದರ ಫಲ ಮರುದಿನವೇ ಕಾಣುವುದಿಲ್ಲ. ಮುಂದಿನ ಹಂಗಾಮಿನಲ್ಲಿ ಬಲೆ ಎತ್ತಿದಾಗ ಗೊತ್ತಾಗುತ್ತದೆ. ಬಾಗಿಲು ಮುಚ್ಚುವುದಕ್ಕೆ ಯಾರ ಕೈವಾಡವೂ ಬೇಕಾಗಿಲ್ಲ. ನೈರುತ್ಯ ಮಾರುತದ ತಿಂಗಳುಗಳಲ್ಲಿ ಪೂರ್ವ ಕರಾವಳಿಯ ಅಲೆಗಳು ಮರಳನ್ನು ಉತ್ತರಕ್ಕೆ ತಳ್ಳುತ್ತವೆ, ಈಶಾನ್ಯ ಮಾರುತದ ಕಾಲದಲ್ಲಿ ದಕ್ಷಿಣಕ್ಕೆ ತಳ್ಳುತ್ತವೆ, ವರ್ಷದ ಕೊನೆಗೆ ಉತ್ತರಕ್ಕೆ ಹೋದ ಮರಳೇ ಹೆಚ್ಚು. ಒಳಗಿನಿಂದ ರಭಸವಾಗಿ ಹೊರಬರುವ ನೀರು ಈ ಮರಳನ್ನು ಕೊಚ್ಚಿಕೊಂಡು ಹೋಗಬೇಕು. ನದಿಗಳಿಗೆ ಅಡ್ಡಲಾಗಿ ಜಲಾಶಯಗಳೂ ಚೆಕ್‌ಡ್ಯಾಮುಗಳೂ ಎದ್ದು ಒಳಗಿನ ನೀರೇ ಕಡಿಮೆಯಾದರೆ ಆ ರಭಸ ಎಲ್ಲಿಂದ ಬರಬೇಕು?

ಇದನ್ನು ಊಹೆಯಿಂದ ಹೇಳುತ್ತಿಲ್ಲ. ಚಿಲಿಕಾದಲ್ಲಿ ಇದು ನಡೆದಿದೆ, ದಾಖಲಾಗಿದೆ, ಬಹುಮಟ್ಟಿಗೆ ಸರಿಪಡಿಸಿಯೂ ಆಗಿದೆ. ಹಾಗಾಗಿ ಲಗೂನುಗಳ ಬಗ್ಗೆ ಆಸಕ್ತಿಯಿರುವ ಯಾರೇ ಆದರೂ ಚಿಲಿಕಾದ ಕಥೆಯನ್ನು ಗಮನವಿಟ್ಟು ಓದಬೇಕೆಂದು ನನ್ನ ಅಭಿಪ್ರಾಯ. ಬೇಸಿಗೆಯಲ್ಲಿ ಸುಮಾರು 900 ಚದರ ಕಿಲೋಮೀಟರು, ಮಳೆಗಾಲದಲ್ಲಿ 1,100ಕ್ಕೂ ಹೆಚ್ಚು ಚದರ ಕಿಲೋಮೀಟರು ಹರಡಿಕೊಳ್ಳುವ ಆ ಲಗೂನು 1981ರಲ್ಲಿ ಭಾರತದ ಮೊದಲ ರಾಮ್ಸಾರ್ ತಾಣಗಳಲ್ಲಿ, ಅಂದರೆ ಜೌಗುಭೂಮಿಗಳ ರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿದ ತಾಣಗಳಲ್ಲಿ, ಒಂದಾಯಿತು. ಹನ್ನೆರಡೇ ವರ್ಷಗಳಲ್ಲಿ, ಅಂದರೆ 1993ರಲ್ಲಿ, ಅಪಾಯದಲ್ಲಿರುವ ತಾಣಗಳನ್ನು ನಮೂದಿಸುವ ಮಾಂಟ್ರೋ ದಾಖಲೆಗೆ ಅದರ ಹೆಸರು ಸೇರಿತು. ಮಹಾನದಿಯ ಕವಲುಗಳಾದ ದಯಾ, ಭಾರ್ಗವಿ ಮೊದಲಾದವು ತಂದು ಹಾಕಿದ ಹೂಳು, ಮರಳಿನ ದಿಬ್ಬಕ್ಕೆ ಸಮಾನಾಂತರವಾಗಿ ಬಹುದೂರ ಸಾಗಿ ಕಡಲು ಸೇರುತ್ತಿದ್ದ ಹೊರಗಾಲುವೆಯಲ್ಲಿ ತುಂಬಿಕೊಂಡಿತ್ತು. ಕಡಲಿನ ನೀರು ಅಷ್ಟು ದೂರ ಬರುವ ಹೊತ್ತಿಗೆ ಭರತದ ಬಲ ಉಡುಗಿಹೋಗುತ್ತಿತ್ತು. ಉಪ್ಪಿನ ಅಂಶ ಇಳಿಯಿತು, ಸಿಹಿನೀರಿನ ಕಳೆ ಹಬ್ಬಿತು, ಮೀನಿನ ಇಳುವರಿ ಕುಸಿಯಿತು.

ಆಗ ಮಾಡಿದ ಕೆಲಸ ನನಗೆ ಮೆಚ್ಚುಗೆಯಾಗುವುದು ಅದರ ಅನುಕ್ರಮದಿಂದಾಗಿ. ಯಂತ್ರಗಳನ್ನು ತಂದು ಎಲ್ಲೆಂದರಲ್ಲಿ ಮರಳು ತೋಡಲಿಲ್ಲ. ಪುಣೆಯ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದಂತಹ ಸಂಸ್ಥೆಗಳಿಂದ ನೀರಿನ ಹರಿವು, ಹೂಳಿನ ಚಲನೆ, ಭರತದ ಎತ್ತರ, ಇವುಗಳ ಅಧ್ಯಯನ ಮೊದಲು ನಡೆಯಿತು. ಹೊಸ ಬಾಗಿಲನ್ನು ಎಲ್ಲಿ ತೆರೆದರೆ ಭರತದ ಪ್ರಭಾವ ಒಳಗಿನವರೆಗೆ ಮುಟ್ಟೀತು ಎಂಬುದನ್ನು ಲೆಕ್ಕ ಹಾಕಿ, 2000ದ ಸೆಪ್ಟೆಂಬರ್‌ನಲ್ಲಿ ಸಿಪಾಕುದದ ಬಳಿ ಮರಳಿನ ದಿಬ್ಬವನ್ನು ಕತ್ತರಿಸಲಾಯಿತು. ಹೊರಗಾಲುವೆಯ ಉದ್ದ ಸುಮಾರು 18 ಕಿಲೋಮೀಟರು ಕಡಿಮೆಯಾಯಿತು. ಮುಂದಿನ ಎರಡು ವರ್ಷಗಳಲ್ಲಿ ಮೀನು, ಸಿಗಡಿ ಮತ್ತು ಏಡಿಗಳ ಇಳುವರಿ ಹಲವು ಪಟ್ಟು ಏರಿತು, ಸಿಹಿನೀರಿನ ಕಳೆ ಹಿಮ್ಮೆಟ್ಟಿತು, ಕಡಲಹುಲ್ಲಿನ ಹಾಸುಗಳು ಮರಳಿದವು. 2002ರಲ್ಲಿ ಚಿಲಿಕಾದ ಹೆಸರನ್ನು ಮಾಂಟ್ರೋ ದಾಖಲೆಯಿಂದ ತೆಗೆಯಲಾಯಿತು. ಏಷ್ಯಾದಲ್ಲಿ ಹಾಗೆ ಹೊರಬಂದ ಮೊದಲ ತಾಣ ಅದು. ಅದೇ ವರ್ಷ ಚಿಲಿಕಾ ಅಭಿವೃದ್ಧಿ ಪ್ರಾಧಿಕಾರಕ್ಕೆ ರಾಮ್ಸಾರ್ ಪ್ರಶಸ್ತಿಯೂ ಬಂತು.

ಇದನ್ನು ಗೆದ್ದ ಕಥೆಯೆಂದು ಹೇಳಿ ಮುಗಿಸುವವರ ಜೊತೆ ನನ್ನ ತಕರಾರಿದೆ. ತೆರೆದ ಬಾಗಿಲು ನಿಂತಲ್ಲಿ ನಿಲ್ಲಲಿಲ್ಲ, ಮರಳಿನೊಂದಿಗೆ ಸರಿಯುತ್ತ ಹೋಯಿತು, ಆಮೇಲೆ ಬೇರೆ ಕಡೆ ತಾನಾಗಿಯೇ ಇನ್ನೊಂದು ಬಾಗಿಲು ಒಡೆದುಕೊಂಡಿತು. ಸಿಗಡಿಯ ಮೇಲೆ ಹಣವಂತರ ಕಣ್ಣು ಬಿದ್ದು, ಬಲೆ ಮತ್ತು ಬಿದಿರಿನಿಂದ ನೀರನ್ನೇ ಆವರಿಸಿ ಸಿಗಡಿ ಸಾಕುವ ‘ಘೇರಿ’ಗಳು ಹಬ್ಬಿದವು. ನ್ಯಾಯಾಲಯದ ಆದೇಶದ ಮೇಲೆ ಅವುಗಳನ್ನು ಕಿತ್ತದ್ದೂ ಆಯಿತು, ಮತ್ತೆ ನೆಟ್ಟದ್ದೂ ಆಯಿತು. ತಲೆಮಾರುಗಳಿಂದ ಮೀನು ಹಿಡಿದು ಬದುಕಿದ ಜಾತಿಗಳ ಜನ ತಮ್ಮ ಹಳೆಯ ಮೀನುಗಾರಿಕೆಯ ನೆಲೆಗಳಿಂದ ಹೊರಗಾದರು. ಹೀಗಿರುವಾಗ ನೀರು ಸರಿಯಾದ ಮಾತ್ರಕ್ಕೆ ಅದರ ಹಂಚಿಕೆಯೂ ಸರಿಯಾಯಿತೆನ್ನಲು ಬರುವುದಿಲ್ಲ. ಆದರೂ ಬರ್ಕೂಲ್‌ನಲ್ಲಿರುವ ಸಂಶೋಧನಾ ಕೇಂದ್ರದವರು ನೀರಿನ ಉಪ್ಪು, ಪೋಷಕಾಂಶ, ಮೀನಿನ ಇಳುವರಿಯನ್ನು ಇಂದಿಗೂ ಅಳೆಯುತ್ತಿದ್ದಾರೆ, ಇರಾವಡಿ ಡಾಲ್ಫಿನ್‌ಗಳ ಗಣತಿಯೂ ವರ್ಷ ವರ್ಷ ನಡೆಯುತ್ತಿದೆ. ಬಾಗಿಲು ಸರಿದಾಗ ಅದು ಸರಿದಿದೆ ಎಂದು ಗೊತ್ತಾಗುವುದು ಈ ಅಳತೆಯಿಂದಲೇ.

ಅಳತೆಯ ಮಾತು ಬಂದಾಗ ಹಳೆಯ ದಾಖಲೆಗಳನ್ನು ನೆನೆಯಬೇಕು. ನೂರು ವರ್ಷಗಳ ಹಿಂದೆ ನೆಲ್ಸನ್ ಆನಂಡೇಲ್ ಮತ್ತು ಸ್ಟ್ಯಾನ್ಲಿ ಕೆಂಪ್ ಎಂಬ ಪ್ರಾಣಿಶಾಸ್ತ್ರಜ್ಞರು ಚಿಲಿಕಾದ ಜೀವಿಗಳನ್ನು ಸಮೀಕ್ಷೆ ಮಾಡಿ, 1915ರಿಂದ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನ ಸಂಪುಟಗಳಲ್ಲಿ ಪ್ರಕಟಿಸಿದರು. ಆನಂಡೇಲ್ ಮುಂದೆ 1916ರಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಮೊದಲ ನಿರ್ದೇಶಕರಾದರು. ಲಗೂನಿನೊಳಗಿನ ಬರ್ಕುಡಾ ಎಂಬ ಪುಟ್ಟ ದ್ವೀಪದಲ್ಲಿ ಕಾಲಿಲ್ಲದ ಹಾವುರಾಣಿಯೊಂದನ್ನು ಅವರು ಕಂಡು 1917ರಲ್ಲಿ ವರ್ಣಿಸಿದರು. 1985ರಿಂದ 1987ರವರೆಗೆ ಅದೇ ಸಂಸ್ಥೆ ಮತ್ತೆ ಸಮೀಕ್ಷೆ ಮಾಡಿ ಎಂಟುನೂರಕ್ಕೂ ಹೆಚ್ಚು ಪ್ರಾಣಿ ಪ್ರಭೇದಗಳನ್ನು ದಾಖಲಿಸಿದಾಗ, ಹೋಲಿಸಿ ನೋಡಲು ಏಳು ದಶಕಗಳ ಹಿಂದಿನ ಪಟ್ಟಿ ಕೈಯಲ್ಲಿತ್ತು. ಹೀಗೆ ಒಬ್ಬರು ತಮ್ಮ ಕಾಲದಲ್ಲಿ ಕಂಡದ್ದನ್ನು ಪ್ರಾಮಾಣಿಕವಾಗಿ ಬರೆದಿಟ್ಟರೆ ಅದನ್ನು ಬಳಸಿಕೊಳ್ಳುವವರು ಅವರ ಮೊಮ್ಮಕ್ಕಳ ವಯಸ್ಸಿನವರಾಗಿರುತ್ತಾರೆ. ಕೆರೆಯ ಹಕ್ಕಿಗಳನ್ನು ಎಣಿಸಲು ಬೆಳಗಿನ ಚಳಿಯಲ್ಲಿ ಏರಿಯ ಮೇಲೆ ನಿಲ್ಲುವಾಗ ನನಗೆ ಧೈರ್ಯ ಕೊಡುವ ಯೋಚನೆಯಿದು.

ಪುಲಿಕಾಟಿನ ಸ್ಥಿತಿ ಚಿಲಿಕಾದಷ್ಟು ಸರಳವಲ್ಲ. ಮೊದಲನೆಯದಾಗಿ ಅದು ಎರಡು ರಾಜ್ಯಗಳ ಪಾಲು. ಹೆಚ್ಚಿನ ಭಾಗ ಆಂಧ್ರಪ್ರದೇಶದಲ್ಲಿದೆ, ದಕ್ಷಿಣದ ತುದಿ ಮತ್ತು ಮುಖ್ಯ ಅಳಿವೆಬಾಗಿಲು ತಮಿಳುನಾಡಿನಲ್ಲಿವೆ. ಆಂಧ್ರದ ಭಾಗ 1976ರಲ್ಲಿ, ತಮಿಳುನಾಡಿನ ಭಾಗ 1980ರಲ್ಲಿ ಪಕ್ಷಿಧಾಮಗಳಾದವು. ನೀರಿಗೆ ಗಡಿಯಿಲ್ಲ, ಆದರೆ ಇಲಾಖೆಗಳಿಗಿದೆ. ಇಡೀ ಲಗೂನಿಗೆ ಚಿಲಿಕಾದಲ್ಲಿರುವಂಥ ಒಂದೇ ಪ್ರಾಧಿಕಾರವಿಲ್ಲದಿರುವುದು ನನ್ನ ದೃಷ್ಟಿಯಲ್ಲಿ ಅದರ ಎಲ್ಲಕ್ಕಿಂತ ದೊಡ್ಡ ಕೊರತೆ. ಸೂಳ್ಳೂರುಪೇಟೆಯಿಂದ ಶ್ರೀಹರಿಕೋಟಕ್ಕೆ ಹಾಕಿದ ರಸ್ತೆಯ ದಂಡೆ ಲಗೂನನ್ನು ಅಡ್ಡಲಾಗಿ ಕತ್ತರಿಸಿದೆ. ಅದರ ಉತ್ತರದ ನೀರಿಗೂ ದಕ್ಷಿಣದ ನೀರಿಗೂ ಕೆಲವು ಸೇತುವೆ ಮತ್ತು ಮೋರಿಗಳ ಮೂಲಕವಷ್ಟೇ ಸಂಪರ್ಕವಿದೆ, ಉತ್ತರದ ಭಾಗ ಬೇಸಿಗೆಯಲ್ಲಿ ಬೇಗ ಒಣಗಿ ಬಿಳಿಯ ಉಪ್ಪು ನೆಲವಾಗುವುದಕ್ಕೆ ಇದೂ ಒಂದು ಕಾರಣ. ದೇಶಕ್ಕೆ ಆ ಉಡಾವಣಾ ಕೇಂದ್ರ ಬೇಕು, ರಸ್ತೆಯೂ ಬೇಕು. ಅಷ್ಟು ನಿಖರವಾಗಿ ಆಕಾಶದ ಲೆಕ್ಕ ಹಾಕಬಲ್ಲ ನಾಡು ಆ ದಂಡೆಯಲ್ಲಿ ಇನ್ನಷ್ಟು ಅಗಲದ ಕಂಡಿಗಳನ್ನು ಬಿಟ್ಟು ನೀರಿಗೆ ದಾರಿ ಮಾಡಿಕೊಡಬಲ್ಲದು ಎಂದು ನಾನು ನಂಬುತ್ತೇನೆ. ದಕ್ಷಿಣದ ತುದಿಯಲ್ಲಿ ಎಣ್ಣೂರಿನ ಬಂದರುಗಳು ಮತ್ತು ಉಷ್ಣವಿದ್ಯುತ್ ಸ್ಥಾವರಗಳ ಒತ್ತಡ ಬೇರೆಯೇ ಇದೆ.

ಸಿಗಡಿ ಹೊಂಡಗಳ ವಿಷಯದಲ್ಲಿ ಮಾತ್ರ ಪುಲಿಕಾಟಿಗೆ ಗಟ್ಟಿಯಾದ ಒಂದು ಆಸರೆ ಸಿಕ್ಕಿತು. ತಮಿಳುನಾಡಿನ ಗಾಂಧಿವಾದಿ ಎಸ್. ಜಗನ್ನಾಥನ್ ಅವರು ಕರಾವಳಿಯ ಸಿಗಡಿ ಉದ್ಯಮದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಹೊಂಡಗಳ ಉಪ್ಪುನೀರು ಭತ್ತದ ಗದ್ದೆಗೂ ಕುಡಿಯುವ ಬಾವಿಗೂ ಇಳಿಯುತ್ತಿದ್ದುದನ್ನು ಹಳ್ಳಿಯ ಜನ ಕಣ್ಣಾರೆ ಕಂಡಿದ್ದರು. 1996ರ ಡಿಸೆಂಬರ್ 11ರಂದು ಬಂದ ತೀರ್ಪಿನಲ್ಲಿ ಚಿಲಿಕಾ ಮತ್ತು ಪುಲಿಕಾಟ್ ಎರಡನ್ನೂ ಹೆಸರಿಸಿ, ಅವುಗಳಿಂದ 1,000 ಮೀಟರಿನೊಳಗೆ ಸಿಗಡಿ ಉದ್ಯಮ ಕೂಡದೆಂದು ನ್ಯಾಯಾಲಯ ಆದೇಶಿಸಿತು. ಬಾವಿಯ ನೀರು ಕೆಟ್ಟರೆ ಒಂದು ಊರು ಏನಾಗುತ್ತದೆಂದು ಫ್ಲೋರೈಡ್ ನೀರನ್ನು ಕುಡಿದ ಕೋಲಾರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪುಲಿಕಾಟಿನ ಜನರು ಲಗೂನನ್ನು ಹಂಚಿಕೊಂಡ ಬಗೆ ನನ್ನನ್ನು ಬಹಳ ಸೆಳೆದಿದೆ. ದಕ್ಷಿಣದ ಭಾಗದಲ್ಲಿ ಪಟ್ಟಣವರ್ ಸಮುದಾಯದ ಮೀನುಗಾರರು ‘ಪಾಡು’ ಎಂಬ ಪದ್ಧತಿಯನ್ನು ನಡೆಸಿಕೊಂಡು ಬಂದಿದ್ದಾರೆ. ಅಳಿವೆಬಾಗಿಲಿನ ಹತ್ತಿರ ಸಿಗಡಿಗೆ ಬಲೆ ಕಟ್ಟಲು ಯೋಗ್ಯವಾದ ಸ್ಥಳಗಳು ಕೆಲವೇ. ಆ ಸ್ಥಳಗಳ ಹಕ್ಕಿಗೆ ಅರ್ಹರಾದವರ ನಡುವೆ ಚೀಟಿ ಎತ್ತಿ ಸರದಿ ಗೊತ್ತುಮಾಡುತ್ತಾರೆ. ಇಂದು ಒಳ್ಳೆಯ ಜಾಗ ಸಿಕ್ಕವನಿಗೆ ಮುಂದಿನ ಸರದಿಯಲ್ಲಿ ಸಾಧಾರಣ ಜಾಗ ಬರುತ್ತದೆ. ಹೀಗಾಗಿ ಎಲ್ಲರೂ ಒಂದೇ ಕಡೆ ಮುಗಿಬೀಳುವುದಿಲ್ಲ, ಬಾಗಿಲನ್ನು ಬಲೆಗಳಿಂದ ಪೂರ್ತಿ ಕಟ್ಟಿಹಾಕುವುದೂ ತಪ್ಪುತ್ತದೆ. ಈ ಪದ್ಧತಿಯಲ್ಲಿ ಕೊರತೆಗಳಿಲ್ಲವೆಂದಲ್ಲ. ಹಕ್ಕು ಕೆಲವು ಸಮುದಾಯಗಳಿಗೆ ಮಾತ್ರ ಸೀಮಿತ, ಕೈಯಿಂದ ತಡವಿ ಸಿಗಡಿ ಹಿಡಿಯುವ ಬಡವರಿಗೂ ಹೆಂಗಸರಿಗೂ ಅದರಲ್ಲಿ ಪಾಲಿಲ್ಲ.

ಇದನ್ನು ತಿಳಿದಾಗ ನಮ್ಮ ಸೀಮೆಯ ನೀರುಗಂಟಿಯವರು ನನ್ನ ಕಣ್ಣ ಮುಂದೆ ಬಂದರು. ಕೆರೆಯ ತೂಬು ಎತ್ತುವುದು, ಕಾಲುವೆಯ ಮೇಲಿನವರಿಗೆ ಎಷ್ಟು ಹೊತ್ತು, ಕೊನೆಯವರಿಗೆ ಎಷ್ಟು ಹೊತ್ತು ಎಂದು ನೀರು ಬಿಡುವುದು, ನೀರು ಕಡಿಮೆಯಿದ್ದ ವರ್ಷ ಎಷ್ಟು ಭೂಮಿಗೆ ಮಾತ್ರ ಸಾಕಾದೀತೆಂದು ಊರಿಗೆ ಹೇಳುವುದು, ಎಲ್ಲವೂ ಅವರ ಹೊಣೆಯಾಗಿತ್ತು. ತಮಗೇ ಜಮೀನಿಲ್ಲದವರು ಎಲ್ಲರ ಜಮೀನಿನ ನೀರನ್ನು ಕಾಯುತ್ತಿದ್ದರು, ಅದಕ್ಕೆ ಬದಲಾಗಿ ಸುಗ್ಗಿಯಲ್ಲಿ ಧಾನ್ಯ ಪಡೆಯುತ್ತಿದ್ದರು. ಕೊಳವೆಬಾವಿಗಳು ಬಂದು, ಒಬ್ಬೊಬ್ಬರೂ ತಮ್ಮ ಜಮೀನಿನಲ್ಲೇ ನೀರು ಎತ್ತತೊಡಗಿದ ಮೇಲೆ ಅವರ ಕೆಲಸ ಹೋಯಿತು, ಅವರ ಜೊತೆಗೆ ಕೆರೆಯ ದಿನದಿನದ ಅರಿವೂ ಹೋಯಿತು. ನೀರಿನ ಮಟ್ಟವನ್ನು ತೂಬಿನ ಕಲ್ಲಿನ ಮೇಲೆ ಬೆರಳಿಟ್ಟು ಹೇಳಬಲ್ಲವರು ಇಲ್ಲವಾದಾಗ, ರಾಜಕಾಲುವೆ ಒತ್ತುವರಿಯಾದದ್ದನ್ನು ಮೊದಲು ಗಮನಿಸುವವರೂ ಇಲ್ಲವಾದರು. ಪುಲಿಕಾಟಿನ ಮೀನುಗಾರರ ಅರಿವಿಗೆ ಇದೇ ಗತಿ ಬರಬಾರದೆಂಬುದು ನನ್ನ ತೀವ್ರ ಕಾಳಜಿ. ಅಳಿವೆಬಾಗಿಲಿನ ಮರಳು ಯಾವ ಗಾಳಿಗೆ ಯಾವ ಕಡೆ ಸರಿಯುತ್ತದೆ, ಯಾವ ಮಳೆಯ ನಂತರ ಯಾವ ಮೀನು ಬರುತ್ತದೆ ಎಂಬುದು ಅವರಿಗೆ ಗೊತ್ತಿದೆ. ಉಪಗ್ರಹದ ಚಿತ್ರವೂ ಉಪ್ಪು ಅಳೆಯುವ ಉಪಕರಣವೂ ಆ ಅರಿವಿನ ಜೊತೆಗೆ ಸೇರಬೇಕು, ಅದರ ಜಾಗಕ್ಕೆ ಬರಬಾರದು. ಲಗೂನಿನ ಆಂಧ್ರದ ದಡದಲ್ಲಿ ಅವರೊಂದಿಗೆ ಮಾತಾಡಲು ನಮ್ಮ ಗಡಿಯವರಿಗೆ ಅಡ್ಡಿಯೇನಿಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಎಂದು ಬೆಳೆದ ನಮಗೆ ಅಲ್ಲಿನ ಹಿರಿಯರು ಬಿಡಿಸಿ ಹೇಳುವುದೆಲ್ಲ ನೇರವಾಗಿ ಮನಸ್ಸಿಗಿಳಿಯುತ್ತದೆ.

ಒಳನಾಡಿನ ಕೆರೆಗೂ ಕಡಲಂಚಿನ ಲಗೂನಿಗೂ ಇರುವ ನಂಟು ಬರಿಯ ಭಾವನೆಯದಲ್ಲ ಎಂಬುದಕ್ಕೆ ನೇಲಪಟ್ಟು ಸಾಕ್ಷಿ. ಪುಲಿಕಾಟಿನ ಹತ್ತಿರದ ಆ ಹಳ್ಳಿಯ ಕೆರೆಯಲ್ಲಿ, ನೀರಿನಲ್ಲಿ ಮುಳುಗಿ ನಿಂತ ಮರಗಳ ಮೇಲೆ, ಹೆಜ್ಜಾರ್ಲೆಗಳು ನೂರಾರು ಸಂಖ್ಯೆಯಲ್ಲಿ ಗೂಡು ಕಟ್ಟುತ್ತವೆ. ಮರಿಗಳಿಗೆ ಬೇಕಾದ ಮೀನನ್ನು ತರುವುದು ಲಗೂನಿನಿಂದ ಮತ್ತು ಸುತ್ತಲಿನ ಕೆರೆಗಳಿಂದ. ಕೆರೆಯಲ್ಲಿ ನೀರಿಲ್ಲದಿದ್ದರೆ ಗೂಡಿಲ್ಲ, ಲಗೂನಿನಲ್ಲಿ ಮೀನಿಲ್ಲದಿದ್ದರೆ ಮರಿಗಳು ಬದುಕುವುದಿಲ್ಲ. ನಮ್ಮ ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆಮರಗಳಲ್ಲಿ ಗೂಡು ಕಟ್ಟುವುದನ್ನು ಕಂಡವರಿಗೆ ಈ ಲೆಕ್ಕ ಹೊಸದಲ್ಲ. ಅಲ್ಲಿಯೂ ಮರ ಊರಿನದು, ಮೀನು ಸುತ್ತಲಿನ ಕೆರೆಗಳದು.

ನಮ್ಮ ಕಾನೂನು ಈ ನಂಟನ್ನು ಒಪ್ಪಿಕೊಂಡಿಲ್ಲ. 2017ರ ಜೌಗುಭೂಮಿ ನಿಯಮಗಳು ನೀರಾವರಿಗೆ ಮತ್ತು ಕುಡಿಯುವ ನೀರಿಗೆಂದು ಮನುಷ್ಯರು ಕಟ್ಟಿದ ಕೆರೆಗಳನ್ನು ಜೌಗುಭೂಮಿಯೆಂದು ಎಣಿಸುವುದಿಲ್ಲ. ಕರಾವಳಿ ನಿಯಂತ್ರಣ ವಲಯ ಮತ್ತು ವನ್ಯಜೀವಿ ಕಾಯ್ದೆಯ ವ್ಯಾಪ್ತಿಗೆ ಸೇರಿದ ಜಾಗಗಳನ್ನೂ ಅವು ಆಯಾ ಕಾನೂನುಗಳಿಗೇ ಬಿಟ್ಟುಕೊಟ್ಟಿವೆ. ಅಂದರೆ ಆ ನಿಯಮಗಳ ಕಣ್ಣಿಗೆ ನಮ್ಮ ಕೆರೆಗಳೂ ಬೀಳುವುದಿಲ್ಲ, ಪುಲಿಕಾಟಿನಂಥ ಲಗೂನಿನ ಬಹುಭಾಗವೂ ಬೀಳುವುದಿಲ್ಲ. ಪುಲಿಕಾಟಿಗೆ ನೀರು ಕೊಡುವ ಬೆಟ್ಟದ ಹಳ್ಳಗಳು, ಅವುಗಳ ಕೆಳಗಿನ ಕೆರೆ, ಪಕ್ಷಿಧಾಮ, ಅಳಿವೆಬಾಗಿಲು, ಕಡಲ ದಂಡೆ, ಒಂದೊಂದೂ ಒಂದೊಂದು ಕಡತದಲ್ಲಿ ಕುಳಿತಿವೆ. ಕರ್ನಾಟಕದಲ್ಲಿ ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸಾರ್ ತಾಣವಾದದ್ದು ಸಂತೋಷದ ವಿಷಯ. ಅಲ್ಲಿಯೂ ಚಿಪ್ಪು ಹೆಕ್ಕುವ ಹೆಂಗಸರು ಮತ್ತು ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಉಪ್ಪು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುವ ರೈತರು ಆ ನೀರಿನ ಉಸ್ತುವಾರಿಯಲ್ಲಿ ಕುಳಿತು ಮಾತಾಡುವಂತಾಗಬೇಕು.

ಕೋಲಾರದಲ್ಲಿ ಕುಳಿತು ನಾವೇನು ಮಾಡಬಹುದು ಎಂದು ಕಿರಿಯರು ಕೇಳುತ್ತಾರೆ. ಪ್ರತಿ ವರ್ಷ ಜನವರಿಯಲ್ಲಿ ನಡೆಯುವ ಏಷ್ಯಾ ಜಲಪಕ್ಷಿ ಗಣತಿಗೆ ನಮ್ಮ ಕೆರೆಗಳನ್ನು ಸೇರಿಸಬಹುದು. 1987ರಿಂದ ನಡೆದುಬಂದಿರುವ ಆ ಗಣತಿಯಲ್ಲಿ ಪುಲಿಕಾಟಿನ ಹಕ್ಕಿಗಳನ್ನೂ ನಮ್ಮ ಊರಿನ ಕೆರೆಯ ಹಕ್ಕಿಗಳನ್ನೂ ಒಂದೇ ಕ್ರಮದಲ್ಲಿ ಎಣಿಸುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ನೀರಿನ ಅಳತೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬರುತ್ತಿದೆ. ಬರಿದಾಗಿದ್ದ ಕೆರೆಗಳು ತುಂಬಿದವು, ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂತು, ಆ ಉಪಕಾರವನ್ನು ನಾನು ಸಣ್ಣದು ಮಾಡಲಾರೆ. ಆದರೆ ಎರಡನೆಯ ಹಂತದವರೆಗೆ ಮಾತ್ರ ಶುದ್ಧಿಯಾದ ಆ ನೀರಿನಲ್ಲಿ ಸಾರಜನಕ ಮತ್ತು ರಂಜಕ ಉಳಿದಿರುತ್ತವೆ, ಅವು ಆಳವಿಲ್ಲದ ನೀರಿನಲ್ಲಿ ಪಾಚಿಯನ್ನೂ ಕಳೆಯನ್ನೂ ಬೆಳೆಸುತ್ತವೆ. ಲಗೂನುಗಳ ಅಧ್ಯಯನದಲ್ಲಿ ಅಳೆಯುವ ಉಪ್ಪು, ಕರಗಿದ ಆಮ್ಲಜನಕ, ನೈಟ್ರೇಟ್, ಫಾಸ್ಫೇಟ್‌ಗಳನ್ನೇ ನಮ್ಮ ಕೆರೆಗಳಲ್ಲೂ ಅಳೆಯಬೇಕು. ತಾಲ್ಲೂಕಿನ ಕಾಲೇಜುಗಳ ರಸಾಯನಶಾಸ್ತ್ರ ವಿಭಾಗಗಳಿಗೆ ಇದು ಮೀರಿದ ಕೆಲಸವಲ್ಲ. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ನೀರು ತೆಗೆದು, ಬಂದ ಅಂಕಿಯನ್ನು ಕೆರೆಯ ಏರಿಯ ಮೇಲೆ ಊರಿನವರು ಓದುವಂತೆ ಬರೆದು ನಿಲ್ಲಿಸಬೇಕು.

ಪುಲಿಕಾಟಿಗೂ ನಾನು ಕೇಳುವುದು ಇದನ್ನೇ. 2021ರ ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳಿಂದ ನಮ್ಮ ಜಿಲ್ಲೆಯ ಕೆರೆಗಳು ಕೋಡಿ ಹರಿದಾಗ, ಅದೇ ಮೋಡಗಳು ಆರಣಿ ಮತ್ತು ಕಾಳಂಗಿಯ ಬೆಟ್ಟಗಳ ಮೇಲೂ ಸುರಿದವು. ಅಂಥ ನೀರು ಲಗೂನಿಗೆ ಎಷ್ಟು ತಲುಪಿತು, ಅಳಿವೆಬಾಗಿಲು ಎಷ್ಟು ಅಗಲವಾಯಿತು, ಎಷ್ಟು ತಿಂಗಳು ಹಾಗೇ ಉಳಿಯಿತು ಎಂಬ ಲೆಕ್ಕ ಎರಡೂ ರಾಜ್ಯಗಳ ಮೀನುಗಾರ ಹಳ್ಳಿಗಳ ಗೋಡೆಯ ಮೇಲೆ ತೆಲುಗಿನಲ್ಲಿಯೂ ತಮಿಳಿನಲ್ಲಿಯೂ ಇರಬೇಕು. ಹೂಳೆತ್ತುವ ಯಂತ್ರವನ್ನು ಯಾವಾಗ ತರಬೇಕು, ಎಲ್ಲಿ ನಿಲ್ಲಿಸಬೇಕು, ರಸ್ತೆಯ ದಂಡೆಯಲ್ಲಿ ಎಷ್ಟು ಕಂಡಿ ಬಿಡಬೇಕು, ಮೇಲಿನ ಜಲಾಶಯಗಳಿಂದ ಎಷ್ಟು ನೀರು ಬಿಡಬೇಕು ಎಂಬ ಮಾತುಕತೆಯನ್ನು ಮೀನುಗಾರರು, ಎರಡು ಸರ್ಕಾರಗಳ ಅಧಿಕಾರಿಗಳು ಮತ್ತು ವಿಜ್ಞಾನಿಗಳು ಒಂದೇ ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡು ನಡೆಸಬೇಕು.